ಉಪ್ಪಾಗೆಯ ಹುಳಿಯೂ ಮೇದೋವೃದ್ಧಿಯೂ

ಶಿರಸಿ, ಸಿದ್ದಾಪುರಗಳ ಕಾಡಿನಿಂದ ಮೊದಲ್ಗೊಂಡು ಕೊಡಗನ್ನು ದಾಟಿ ಕೇರಳದವರೆಗೂ ಸಹ್ಯಾದ್ರಿಯ ತೇವದ ನೆರಳಿನಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣು, ಮಲೆಯಾಳಿಗಳ ಮೀನುಸಾರಿಗೆ ಕುಡಂಪುಳಿಯಾಗಿಯೂ ಕೊಡವರ ಪಂದಿಕರಿಗೆ ಕಾಚಂಪುಳಿಯಾಗಿಯೂ ತಲೆಮಾರುಗಳಿಂದ ಒದಗಿಬಂದಿದೆ. ಅದೇ ಹಣ್ಣಿನ ಸಾರವು ಸ್ಥೂಲಕಾಯವನ್ನು ಕರಗಿಸುವ ಗುಳಿಗೆಯಾಗಿ ದೇಶಾಂತರಗಳಲ್ಲಿ ಮಾರಾಟವಾಗುವಂತಾದ ವೃತ್ತಾಂತದ ಮೊದಲ ಅಧ್ಯಾಯವು ನಡೆದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿಯ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು, ಈ ಹಣ್ಣಿನ ಸಿಪ್ಪೆಯ ಹುಳಿಗೆ ಮುಖ್ಯ ಕಾರಣ ಹಿಂದಿನವರು ಭಾವಿಸಿದ್ದ ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲವಲ್ಲ, ಸಸ್ಯಲೋಕದಲ್ಲಿ ವಿರಳವಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ಸ್ಥಾಪಿಸಿದರು.

ಉಂಡ ಅನ್ನದ ಶರ್ಕರವು ದೇಹದ ಅಗತ್ಯವನ್ನು ಮೀರಿದಾಗ, ಜೀವಕೋಶವು ಅದರಿಂದ ಹುಟ್ಟಿದ ಸಿಟ್ರೇಟನ್ನು ಒಂದು ಕಿಣ್ವದಿಂದ ಸೀಳಿ, ದೊರೆತ ತುಣುಕುಗಳನ್ನು ಒಂದರೊಡನೊಂದು ಜೋಡಿಸಿ ಮೇದಸ್ಸನ್ನು ನಿರ್ಮಿಸುತ್ತದೆ. ಉಪ್ಪಾಗೆಯ ಆಮ್ಲವು ರಚನೆಯಲ್ಲಿ ಸಿಟ್ರೇಟನ್ನು ಬಹುವಾಗಿ ಹೋಲುವುದರಿಂದ ಆ ಕಿಣ್ವಕ್ಕೆ ಅಂಟಿಕೊಂಡು ಅದರ ಕಾರ್ಯವನ್ನು ತಡೆಯುತ್ತದೆಂಬುದು 1969ರಲ್ಲಿ ಅಮೆರಿಕದ ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರಿಂದ ತಿಳಿದುಬಂದಿತು. ಮುಂದಿನ ದಶಕದಲ್ಲಿ ಇದನ್ನು ಸೇವಿಸಿದ ಇಲಿಗಳು ಕಡಿಮೆ ತಿಂದವು, ಕಡಿಮೆ ಕೊಬ್ಬಿದವು. ಯಾರಿಗೆ ತಾನೆ ಆಸೆ ಹುಟ್ಟದು?

ಆದರೆ ಮನುಷ್ಯನು ಇಲಿಯಲ್ಲ. ಶರ್ಕರವನ್ನು ಮೇದಸ್ಸಾಗಿ ಮಾರ್ಪಡಿಸುವ ಕೆಲಸ ಇಲಿಯ ದೇಹದಲ್ಲಿ ಬಿರುಸಾಗಿ ನಡೆಯುತ್ತದೆ. ಎಣ್ಣೆ ತುಪ್ಪಗಳನ್ನು ಸಾಕಷ್ಟು ಉಣ್ಣುವ ನಮ್ಮಲ್ಲಿ ಅದು ಅಲ್ಪವಾಗಿದ್ದು, ಶೇಖರವಾಗುವ ಕೊಬ್ಬಿನ ಬಹುಪಾಲು ಉಂಡ ಕೊಬ್ಬೇ ಆಗಿರುತ್ತದೆ. ಅಷ್ಟಾಗಿ ನಡೆಯದ ಕೆಲಸವನ್ನು ತಡೆದು ಬರುವ ಲಾಭವೆಷ್ಟು? 1998ರಲ್ಲಿ ಪ್ರಕಟವಾದ, 135 ಮಂದಿ ಸ್ಥೂಲಕಾಯರನ್ನೊಳಗೊಂಡ ಅಮೆರಿಕದ ಪರೀಕ್ಷೆಯಲ್ಲಿ ಎಲ್ಲರಿಗೂ ಮಿತಾಹಾರವನ್ನು ವಿಧಿಸಿ, ಕೆಲವರಿಗೆ ದಿನವೊಂದಕ್ಕೆ 1500 ಮಿಲಿಗ್ರಾಂ ಆಮ್ಲವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ಕೊಡಲಾಯಿತು. 12 ವಾರಗಳ ತರುವಾಯ ಮೊದಲಿನವರು ಸರಾಸರಿ 3.2 ಕಿಲೋಗ್ರಾಂ, ಹುಸಿಗುಳಿಗೆಯವರು 4.1 ಕಿಲೋಗ್ರಾಂ ಇಳಿದಿದ್ದರು. ಈ ಅಂತರವು ಗಣನೀಯವಲ್ಲವೆಂದು ಸಂಶೋಧಕರು ತೀರ್ಮಾನಿಸಿದರು. ಆದರೆ ಸಾರದ ಪರವಾಗಿ ಹೇಳತಕ್ಕದ್ದೂ ಅಲ್ಲಿ ಏನೂ ಇರಲಿಲ್ಲ. ಇದಲ್ಲದೆ, ಇಂಥ ಗುಳಿಗೆಗಳನ್ನು ನುಂಗಿದವರಲ್ಲಿ ಯಕೃತ್ತು ತೀವ್ರವಾಗಿ ಹಾನಿಗೊಂಡ, ಕೆಲವೊಮ್ಮೆ ಬದಲಿ ಯಕೃತ್ತನ್ನೇ ಜೋಡಿಸಬೇಕಾಗಿ ಬಂದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಎರಡು ಎಸಳು ಸಿಪ್ಪೆಯೂ ಸಾರವನ್ನು ಸಾಂದ್ರೀಕರಿಸಿ ತಿಂಗಳುಗಟ್ಟಲೆ ನುಂಗುವ ಗುಳಿಗೆಯೂ ಒಂದೇ ಎಂದು ಬಗೆಯುವುದು ಅಪಾಯಕರ.

ನನ್ನನ್ನು ಹೆಚ್ಚು ಕಾಡುವುದು ಮರದ ಗತಿ. ಗುಳಿಗೆಯ ಬೇಡಿಕೆಯೇರಿದಾಗ ಉತ್ತರ ಕನ್ನಡದಲ್ಲಿ ಹಣ್ಣಾಗುವ ಮೊದಲೇ ಕಾಯಿಗಳನ್ನು ಕೊಂಬೆಸಹಿತ ಕಡಿದು, ಮಳೆಗಾಲವಾದುದರಿಂದ ಬಿಸಿಲಿಲ್ಲದೆ ಕಟ್ಟಿಗೆಯ ಬೆಂಕಿಯ ಮೇಲೆ ಸಿಪ್ಪೆಯನ್ನು ಒಣಗಿಸಲಾಯಿತು. ಕಾಡು ಎರಡು ಬಗೆಯಲ್ಲಿ ಸವೆಯಿತು. ಬಲಿತು ಬಿದ್ದ ಹಣ್ಣನ್ನಷ್ಟೇ ಆಯ್ದು, ಬೀಜದಲ್ಲಿ ಕೆಲವನ್ನು ಉಪ್ಪಾಗೆ ತುಪ್ಪಕ್ಕೆ ಉಳಿಸಿಕೊಂಡು, ಮಿಕ್ಕವನ್ನು ಕಾಡಿನ ನೆಲಕ್ಕೇ ಬಿಟ್ಟರೆ, ಅಘನಾಶಿನಿಯ ಕಣಿವೆಯಲ್ಲಿ ಈ ಹಣ್ಣನ್ನು ತಿನ್ನುವ ಸಿಂಗಳೀಕಗಳಿಗೂ ಪಾಲು ದೊರೆಯುತ್ತದೆ.