ವ್ಯವಸಾಯಗಾರರು ಫೋನಿನ ಪದ್ಧತಿಯನ್ನು ಬದಲಾಯಿಸುವುದಕ್ಕೆ ಮೊದಲು ಯೋಚಿಸತಕ್ಕ ವಿಷಯಗಳು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೋಕುಗಳು ಬೆಂಗಳೂರಿಗೆ ಸಮೀಪವಾಗಿರುವುದರಿಂದ, ಇಲ್ಲಿಯ ಅನೇಕ ಜಮೀನುದಾರರ ಮಕ್ಕಳು ಆ ನಗರದಲ್ಲಿ ಉದ್ಯೋಗದಲ್ಲಿರುತ್ತಾರೆ. ಅವರು ಹೊಸದಾಗಿ ಐಫೋನು ಕೊಂಡಾಗ, ತಾವು ಅದುವರೆಗೆ ಉಪಯೋಗಿಸುತ್ತಿದ್ದ ಹಳೆಯ ಐಫೋನನ್ನು ಹಬ್ಬಕ್ಕೆ ಬರುವಾಗ ತಂದು ತಂದೆಯ ಕೈಗೆ ಕೊಡುವುದು ಈಚೆಗೆ ಒಂದು ವಾಡಿಕೆಯಾಗಿದೆ. ಬೆಲೆಬಾಳುವ ವಸ್ತುವು ಖರ್ಚಿಲ್ಲದೆ ಬಂದಿತೆಂದು ಯಜಮಾನರು ಅದೇ ದಿನವೇ ತಮ್ಮ ಆಂಡ್ರಾಯ್ಡ್ ಫೋನಿನಿಂದ ಸಿಮ್ಮನ್ನು ತೆಗೆದು ಹೊಸದರಲ್ಲಿ ಹಾಕಿಸಿಕೊಳ್ಳುತ್ತಾರೆ. ಅಡಚಣೆಗಳು ತಿಳಿದುಬರುವುದು ಮಕ್ಕಳು ಬೆಂಗಳೂರಿಗೆ ಹಿಂದಿರುಗಿದ ಮೇಲೆ.

ಆಂಡ್ರಾಯ್ಡ್ ಮತ್ತು ಐಫೋನುಗಳಿಗೆ ಇರುವ ಭೇದವು ಎರಡು ಕಂಪನಿಗಳ ಟ್ರ್ಯಾಕ್ಟರುಗಳಿಗೆ ಇರುವ ಭೇದದಂತಹುದಲ್ಲ. ಫೋನಿನ ಒಳಗೆ ನಡೆಯುವ ಸಕಲ ಕೆಲಸಗಳಿಗೂ ಆಧಾರವಾದ ಒಂದು ವ್ಯವಸ್ಥೆಯುಂಟು. ಗೂಗಲ್ ಕಂಪನಿಯವರ ಆಂಡ್ರಾಯ್ಡ್ ವ್ಯವಸ್ಥೆಯ ಮೊದಲನೆಯ ಫೋನು ೨೦೦೮ನೆಯ ಇಸವಿಯಲ್ಲಿ ಮಾರಾಟಕ್ಕೆ ಬಂದಿತು. ಇದನ್ನು ಅನೇಕ ಕಂಪನಿಗಳವರು ತಮ್ಮ ತಮ್ಮ ಫೋನುಗಳಲ್ಲಿ ಅಳವಡಿಸುತ್ತಾರೆ. ೨೦೦೭ರಲ್ಲಿ ಬಂದ ಐಫೋನಿನ ವ್ಯವಸ್ಥೆಯು ಆಪಲ್ ಕಂಪನಿಯವರದು. ಅದು ಅವರ ಫೋನುಗಳಲ್ಲಿ ಮಾತ್ರವೇ ಇರುತ್ತದೆ. ಒಂದಕ್ಕೆಂದು ಸಿದ್ಧಪಡಿಸಿದ ಆ್ಯಪ್ ಮತ್ತೊಂದರಲ್ಲಿ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚಿನ ಸ್ಮಾರ್ಟ್‌ಫೋನುಗಳು ಆಂಡ್ರಾಯ್ಡಿನವು. ರೇಷ್ಮೆ ಬೇಸಾಯಗಾರರಿಗೆ ಇದನ್ನು ತಿಳಿಸಲು ಬೇರೆ ದೃಷ್ಟಾಂತವೇ ಬೇಡ. ಚನ್ನಪಟ್ಟಣ ತಾಲ್ಲೋಕಿನ ಕಣ್ವ ಕ್ಷೇತ್ರದಿಂದ ಹೆಸರು ಪಡೆದ ಕಣ್ವ-೨ ತಳಿಯ ಹಿಪ್ಪುನೇರಳೆಯನ್ನು ಬಿಟ್ಟು ವಿ-೧ ತಳಿಯನ್ನು ಹಾಕಿದವರು, ತೋಟವನ್ನು ಬೇರುಸಹಿತ ಕಿತ್ತು, ಹೊಸ ಕಡ್ಡಿಗಳನ್ನು ನೆಟ್ಟು, ಸೊಪ್ಪು ಬರುವವರೆಗೂ ಕಾದವರು. ಫೋನಿನಲ್ಲಿಯೂ ಬದಲಾವಣೆಯೆಂದರೆ ಹೀಗೆ ಬೇರಿನಿಂದಲೇ ಆಗತಕ್ಕದ್ದು.

ಆದಕಾರಣ ಮೊದಲು ನೋಡಬೇಕಾದುದು ಯಾವ ಫೋನು ಉತ್ತಮವೆಂಬುದನ್ನಲ್ಲ. ತಮ್ಮ ವ್ಯವಹಾರದಲ್ಲಿ ಯಾವುದು ಯಾವುದು ಫೋನಿಗೆ ಕಟ್ಟುಬಿದ್ದಿದೆ ಎಂಬುದನ್ನು. ಇವುಗಳಲ್ಲಿ ಕೆಲವು ಕೇವಲ ಫೋನ್ ನಂಬರಿಗೆ ಸೇರಿದವು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಮಾರಿದ ಗೂಡಿನ ಹಣವು ಖಾತೆಗೆ ಜಮೆಯಾದ ಸಂದೇಶ, ಸರ್ಕಾರದ ಸಹಾಯಧನದ ಸಂದೇಶ, ಕರೆ ಅಥವಾ ಎಸ್‌ಎಂಎಸ್ ಮೂಲಕ ಕೊಳವೆಬಾವಿಯ ಪಂಪನ್ನು ನಡೆಸುವ ಮೊಬೈಲ್ ಸ್ಟಾರ್ಟರು, ಇವಕ್ಕೆ ನಂಬರು ಬದಲಾಗದಿದ್ದರೆ ಸಾಕು, ಫೋನು ಯಾವುದಾದರೂ ಆಗಬಹುದು. ಪಹಣಿಯನ್ನು ನೋಡುವುದು ಮುಂತಾಗಿ ವೆಬ್‌ಸೈಟಿನಲ್ಲಿ ಆಗುವ ಕೆಲಸಗಳೂ ಎರಡರಲ್ಲಿಯೂ ಒಂದೇ ರೀತಿ ನಡೆಯುತ್ತವೆ.

ತೊಂದರೆಯಿರುವುದು ಆ್ಯಪ್‌ಗಳಲ್ಲಿ. ಇವುಗಳಲ್ಲಿ ಜಮೀನುದಾರರಿಗೆ ಬಹು ಮುಖ್ಯವಾದುದು ಬೆಳೆ ಸಮೀಕ್ಷೆಯ ಆ್ಯಪ್. ೨೦೨೦ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೋ ತೆಗೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯಿದೆಯೆಂದು ದಾಖಲಿಸುವುದಕ್ಕೆ ಸರ್ಕಾರದವರು ಅವಕಾಶ ಕೊಟ್ಟಿದ್ದಾರೆ. ಬೆಳೆ ವಿಮೆ, ಬೆಳೆ ಹಾನಿಯ ಪರಿಹಾರ, ಬೆಂಬಲ ಬೆಲೆಯಲ್ಲಿ ರಾಗಿಯ ಖರೀದಿ, ಇವೆಲ್ಲಕ್ಕೂ ಈ ದಾಖಲೆಯನ್ನೇ ನೋಡುತ್ತಾರೆ. ರಾಗಿ ಬೆಳೆದಿದ್ದರೂ ದಾಖಲೆಯಲ್ಲಿ ಜಮೀನು ಬೀಳೆಂದು ನಿಂತರೆ, ಖರೀದಿ ಕೇಂದ್ರದ ಮುಂದೆ ಗಾಡಿ ನಿಲ್ಲಿಸಿಕೊಂಡು ವಾದಿಸಿ ಪ್ರಯೋಜನವಿಲ್ಲ. ಸರ್ಕಾರದ ಇಂತಹ ಆ್ಯಪ್‌ಗಳು ಸಾಮಾನ್ಯವಾಗಿ ಮೊದಲು ಆಂಡ್ರಾಯ್ಡಿಗೆಂದೇ ಸಿದ್ಧವಾಗುತ್ತವೆ. ಕೆಲವು ಐಫೋನಿಗೂ ದೊರೆಯುತ್ತವೆ, ಕೆಲವು ದೊರೆಯುವುದಿಲ್ಲ. ಮಗನು ಫೋನನ್ನು ತಂದಾಗ ಸಿಮ್ ಬದಲಾಯಿಸುವ ಮೊದಲು, ತಮ್ಮ ಹಳೆಯ ಫೋನಿನಲ್ಲಿರುವ ಆ್ಯಪ್‌ಗಳಲ್ಲಿ ಅವಶ್ಯಕವಾದವನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಒಂದೊಂದನ್ನೂ ಆಪಲ್‌ನವರ ಆ್ಯಪ್ ಸ್ಟೋರಿನಲ್ಲಿ ಹುಡುಕಿಸಿ ನೋಡಬೇಕು. ಹೆಸರು ಒಂದೇ ಬಗೆಯಾಗಿದ್ದರೆ ಸಾಲದು, ಅದನ್ನು ಹೊರಡಿಸಿದವರು ಸರ್ಕಾರದ ಇಲಾಖೆಯವರೇ ಎಂಬುದನ್ನೂ ಓದಬೇಕು; ಪಹಣಿ, ಸರ್ವೆ ಎಂಬ ಹೆಸರಿಟ್ಟುಕೊಂಡ ಖಾಸಗಿ ಆ್ಯಪ್‌ಗಳೂ ಉಂಟು. ಸಮೀಕ್ಷೆಯ ಆ್ಯಪ್ ದೊರೆಯದಿದ್ದಲ್ಲಿ ಗ್ರಾಮಕ್ಕೆ ನೇಮಕವಾದ ಖಾಸಗಿ ನಿವಾಸಿಯವರಿಂದ ಸಮೀಕ್ಷೆ ಮಾಡಿಸಬಹುದು; ಆದರೆ ತನ್ನ ಹೊಲದ ಲೆಕ್ಕವನ್ನು ತಾನೇ ಬರೆಯುವ ಅನುಕೂಲವನ್ನು ಒಂದು ಫೋನಿನ ಸಲುವಾಗಿ ಬಿಟ್ಟುಕೊಡುವುದು ಉಚಿತವೆಂದು ತೋರುವುದಿಲ್ಲ.

ಎರಡನೆಯದು ಸಿಮ್ಮಿನ ವಿಷಯ. ಕನಕಪುರ ತಾಲ್ಲೋಕಿನ ಕಾಡಂಚಿನ ಗ್ರಾಮಗಳಲ್ಲಿ ಒಂದು ಕಂಪನಿಯ ಸಿಗ್ನಲ್ ಮನೆಯಲ್ಲಿ ಸಿಕ್ಕಿದರೆ ತೋಟದಲ್ಲಿ ಸಿಕ್ಕುವುದಿಲ್ಲ. ಆದುದರಿಂದ ಎರಡು ಸಿಮ್‌ಗಳನ್ನು ಇಟ್ಟುಕೊಳ್ಳುವುದು ಅಲ್ಲಿ ಶೋಕಿಯಲ್ಲ. ರಾತ್ರಿ ಆನೆ ಬಂದಿತೆಂಬ ಕರೆ ತಲುಪುವುದೂ ತಲುಪದಿರುವುದೂ ಇದರ ಮೇಲೆಯೇ ನಿಂತಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಬಹುಮಟ್ಟಿಗೆ ಎರಡು ಸಿಮ್‌ಗಳಿಗೆ ಸ್ಥಳವಿರುತ್ತದೆ. ನಮ್ಮ ದೇಶದಲ್ಲಿ ಮಾರುವ ಐಫೋನುಗಳಲ್ಲಿ ಸಾಮಾನ್ಯವಾಗಿ ಒಂದೇ ಸಿಮ್ಮಿಗೆ ಸ್ಥಳವಿದ್ದು, ಎರಡನೆಯದನ್ನು ಕಾರ್ಡಿಲ್ಲದ ಇ-ಸಿಮ್ ಆಗಿ ಮಾಡಿಸಿಕೊಳ್ಳಬೇಕು. ೨೦೧೭ ಮತ್ತು ಅದಕ್ಕೂ ಹಿಂದಿನ ಐಫೋನುಗಳಲ್ಲಿ ಅದಕ್ಕೂ ಅವಕಾಶವಿಲ್ಲ. ಎರಡನೆಯ ನಂಬರಿನ ಕಂಪನಿಯವರು ಇ-ಸಿಮ್ ಕೊಡುತ್ತಾರೆಯೇ ಎಂಬುದನ್ನು ವಿಚಾರಿಸದೆ ಮುಂದುವರಿಯಬಾರದು. ಮೆಮೊರಿ ಕಾರ್ಡಿಗೂ ಐಫೋನಿನಲ್ಲಿ ಸ್ಥಳವಿಲ್ಲ.

ವಾಟ್ಸಾಪಿನಲ್ಲಿರುವ ಹಳೆಯ ಮಾತುಕತೆಗಳನ್ನು ಅನೇಕರು ಹರಟೆಯೆಂದು ಎಣಿಸುತ್ತಾರೆ. ಗೇಣಿಯ ಕರಾರಿನ ಫೋಟೋ, ಮಾವಿನ ಫಸಲನ್ನು ಗುತ್ತಿಗೆಗೆ ಹಿಡಿದವರು ಒಪ್ಪಿಕೊಂಡ ಮೊಬಲಗು, ಸರ್ವೆಯವರು ಕಳುಹಿಸಿದ ನಕ್ಷೆ, ಇವು ಅಲ್ಲಿಯೇ ಇರುತ್ತವೆಂಬುದು ಕಳೆದುಹೋದ ಮೇಲೆ ಜ್ಞಾಪಕಕ್ಕೆ ಬರುತ್ತದೆ. ಆಂಡ್ರಾಯ್ಡಿನವರು ಗೂಗಲ್ ಡ್ರೈವಿನಲ್ಲಿ ಇಟ್ಟ ವಾಟ್ಸಾಪ್ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ. ಐಫೋನಿನವರು ಐಕ್ಲೌಡಿನಲ್ಲಿ ಇಟ್ಟದ್ದು ಆಂಡ್ರಾಯ್ಡಿನಲ್ಲಿ ತೆರೆಯುವುದಿಲ್ಲ. ೨೦೨೨ರಿಂದ ಆಂಡ್ರಾಯ್ಡಿನ ವಾಟ್ಸಾಪನ್ನು ಐಫೋನಿಗೆ ಸಾಗಿಸುವ ಒಂದು ಕ್ರಮವು ಏರ್ಪಟ್ಟಿದೆ. ಆಪಲ್‌ನವರ ‘ಮೂವ್ ಟು ಐಓಎಸ್’ ಎಂಬ ಆ್ಯಪನ್ನು ಹಳೆಯ ಫೋನಿನಲ್ಲಿ ಹಾಕಿ, ಎರಡು ಫೋನುಗಳನ್ನೂ ಚಾರ್ಜರಿಗೆ ಸೇರಿಸಿ ಹತ್ತಿರ ಇಟ್ಟು ಇದನ್ನು ನಡೆಸುವುದು. ಆದರೆ ಇದು ಐಫೋನನ್ನು ಮೊಟ್ಟಮೊದಲು ಸಿದ್ಧಪಡಿಸುವ ಸಮಯದಲ್ಲಿ ಆಗತಕ್ಕ ಕೆಲಸ. ನಾಲ್ಕು ದಿನ ಬಳಸಿನೋಡಿ ಆಮೇಲೆ ಸಾಗಿಸೋಣವೆಂದರೆ, ಐಫೋನಿನಲ್ಲಿರುವುದನ್ನೆಲ್ಲ ಅಳಿಸಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಹಬ್ಬದ ಗದ್ದಲದಲ್ಲಿ ಆಗುವ ತಪ್ಪು ಬಹುತೇಕ ಇದೇ.

ಹಣದ ಪಾವತಿಯ ವಿಷಯದಲ್ಲಿ ಕಾಲವನ್ನು ನೋಡಿಕೊಳ್ಳುವುದು ಅತ್ಯಾವಶ್ಯಕ. ಫೋನು ಬದಲಾದರೆ ಯುಪಿಐ ಆ್ಯಪನ್ನು ಹೊಸದಾಗಿ ನೋಂದಾಯಿಸಬೇಕು. ಆಗ ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಅದರಿಂದ ಒಂದು ಎಸ್‌ಎಂಎಸ್ ಹೋಗಬೇಕು; ರೀಚಾರ್ಜ್ ಮುಗಿದಿದ್ದರೆ ಅದು ಹೋಗುವುದಿಲ್ಲ. ಇದಾದ ಮೇಲೂ ಮೊದಲ ಒಂದು ದಿನ, ಕೆಲವೆಡೆ ಅದಕ್ಕಿಂತ ಹೆಚ್ಚು ಕಾಲ, ಸುಮಾರು ೫,೦೦೦ ರೂಪಾಯಿಗೆ ಮೀರಿದ ಪಾವತಿಯನ್ನು ಬ್ಯಾಂಕಿನವರು ಬಿಡುವುದಿಲ್ಲ. ಕಳ್ಳರಿಂದ ಖಾತೆಯನ್ನು ಕಾಪಾಡುವುದಕ್ಕೆ ಈ ಕಟ್ಟಳೆಯುಂಟು. ಹುಳುಗಳು ನಾಲ್ಕನೆಯ ಜ್ವರವೆದ್ದು ಸೊಪ್ಪಿನ ಖರ್ಚು ಏರಿರುವಾಗ, ಅಥವಾ ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ದಿನ ಹತ್ತು ಆಳುಗಳಿಗೆ ಕೂಲಿ ಕೊಡಬೇಕಾದಾಗ ಈ ಕಟ್ಟಳೆಯಲ್ಲಿ ಸಿಕ್ಕಿಕೊಂಡರೆ ಸಾಲಕ್ಕೆ ಓಡಾಡಬೇಕಾದೀತು. ಗೂಡನ್ನು ಮಾರಿ, ಮನೆಯನ್ನು ತೊಳೆದು ಸೋಂಕು ನಿವಾರಣೆ ಮಾಡಿ, ಮುಂದಿನ ಚಾಕಿ ಹುಳುಗಳು ಬರುವವರೆಗೆ ಇರುವ ಬಿಡುವೇ ಫೋನು ಬದಲಾಯಿಸುವುದಕ್ಕೂ ತಕ್ಕ ಕಾಲ.

ಕನ್ನಡದ ವಿಷಯದಲ್ಲಿ ಹಿಂದೆ ಇದ್ದ ಅಂತರವು ಈಗ ಬಹಳ ಕಡಮೆಯಾಗಿದೆ. ಆಂಡ್ರಾಯ್ಡಿನಲ್ಲಿ ೨೦೧೪ರಿಂದಲೇ ಫೋನಿನ ಆದೇಶಗಳೆಲ್ಲ ಕನ್ನಡದಲ್ಲಿ ದೊರೆಯುತ್ತವೆ. ಐಫೋನಿಗೆ ಕನ್ನಡ ಕೀಲಿಮಣೆಯು ೨೦೧೭ರಲ್ಲಿ ಬಂದಿತು. ಪರದೆಯ ಮೇಲಿನ ಆದೇಶಗಳು ಕನ್ನಡದಲ್ಲಿ ಬಂದದ್ದು ೨೦೨೫ರಲ್ಲಿ, ಅದೂ ೨೦೧೮ ಮತ್ತು ಅದರಿಂದೀಚಿನ ಫೋನುಗಳಿಗೆ. ೨೦೧೭ರ ಐಫೋನ್ ೮ ಅಥವಾ ಎಕ್ಸ್ ಕೈಗೆ ಬಂದರೆ ಅದರಲ್ಲಿ ಆದೇಶಗಳು ಕನ್ನಡದಲ್ಲಿ ದೊರೆಯುವುದಿಲ್ಲ.

ಫೋನಿನ ಆಯುಸ್ಸು ಅದರ ಗಾಜು ಒಡೆಯುವವರೆಗೆ ಎಂದು ತಿಳಿಯುವುದು ತಪ್ಪು. ಕಂಪನಿಯವರು ಕಾಲಕಾಲಕ್ಕೆ ಕಳುಹಿಸುವ ರಕ್ಷಣೆಯ ತಿದ್ದುಪಡಿಗಳು ನಿಂತ ಮೇಲೆ ಆ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವು ಕ್ಷೇಮವಲ್ಲ. ಇಡೀ ವ್ಯವಸ್ಥೆಯೇ ನಿಂತುಹೋದ ಉದಾಹರಣೆಗಳೂ ಇವೆ. ಮೈಕ್ರೋಸಾಫ್ಟಿನ ವಿಂಡೋಸ್ ಫೋನುಗಳಲ್ಲಿ ೨೦೧೯ರ ಕೊನೆಗೆ ವಾಟ್ಸಾಪ್ ನಿಂತಿತು. ೨೦೧೭ರಲ್ಲಿ ಬಂದು ಹಳ್ಳಿಹಳ್ಳಿಗೂ ಹರಡಿದ ಜಿಯೋಫೋನಿನ ಕೈಓಎಸ್ ವ್ಯವಸ್ಥೆಯಲ್ಲಿ ೨೦೨೫ರಲ್ಲಿ ಅದೇ ರೀತಿಯಾಯಿತು; ಅಂತಹ ಫೋನುಳ್ಳವರಿಗೆ ಮಾತ್ರ ಬದಲಾವಣೆಯು ಅನಿವಾರ್ಯ. ಐಫೋನುಗಳಿಗೆ ತಿದ್ದುಪಡಿಗಳು ದೀರ್ಘಕಾಲ ಬರುತ್ತವೆಂಬುದು ನಿಜ. ೨೦೧೮ರ ಐಫೋನ್ ಎಕ್ಸ್‌ಎಸ್‌ಗೆ ೨೦೨೪ರಲ್ಲಿಯೂ ಹೊಸ ಆವೃತ್ತಿ ದೊರೆತು, ೨೦೨೫ರ ಆವೃತ್ತಿಯು ದೊರೆಯಲಿಲ್ಲ. ಕಡಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಿಗೆ ಎರಡು ಮೂರು ವರ್ಷಗಳಲ್ಲಿಯೇ ನಿಲ್ಲುವುದುಂಟು. ಆದರೆ ಮಗನು ಐದು ವರ್ಷ ಬಳಸಿ ಕೊಟ್ಟ ಐಫೋನಿನಲ್ಲಿ ಉಳಿದಿರುವ ಆಯುಸ್ಸು ಎಷ್ಟೆಂಬುದನ್ನು ಲೆಕ್ಕ ಹಾಕಿದರೆ, ಅದಕ್ಕಿಂತ ಹೆಚ್ಚು ಕಾಲ ತಿದ್ದುಪಡಿ ಕೊಡುವುದಾಗಿ ಬರೆದುಕೊಟ್ಟಿರುವ ಹೊಸ ಆಂಡ್ರಾಯ್ಡ್ ಫೋನನ್ನು ಕೊಳ್ಳುವುದೇ ಲಾಭಕರವಾಗಬಹುದು. ಮದುವೆಯ ಮನೆಯಲ್ಲಿ ಜೇಬಿನಿಂದ ತೆಗೆಯುವಾಗ ದೊರೆಯುವ ಮರ್ಯಾದೆಯನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಐಫೋನಿನ ಪಕ್ಷದಲ್ಲಿ ಹೇಳಬೇಕಾದ ಮತ್ತೊಂದು ಮಾತುಂಟು. ಸರ್ಕಾರದ ಸಹಾಯಧನದ ಹೆಸರಿನಲ್ಲಿಯೂ ಮದುವೆಯ ಕರೆಯೋಲೆಯ ಹೆಸರಿನಲ್ಲಿಯೂ ವಾಟ್ಸಾಪಿಗೆ ಎಪಿಕೆ ಎಂಬ ಕಡತಗಳನ್ನು ಕಳುಹಿಸಿ, ಅದನ್ನು ಒತ್ತಿದವರ ಸಂದೇಶಗಳನ್ನು ಕದ್ದು ಓದಿ, ಖಾತೆಯನ್ನು ಬರಿದುಮಾಡುವ ವಂಚನೆಯು ಆಂಡ್ರಾಯ್ಡಿನಲ್ಲಿ ನಡೆಯುತ್ತಿದೆ. ಐಫೋನಿನಲ್ಲಿ ಆ ಕಡತವು ಕೆಲಸಮಾಡುವುದಿಲ್ಲ. ಮನೆಯಲ್ಲಿ ಕಂಡಕಂಡದ್ದನ್ನೆಲ್ಲ ಒತ್ತುವ ಹಿರಿಯರಿದ್ದರೆ ಈ ಒಂದು ಗುಣಕ್ಕಾಗಿಯೇ ಐಫೋನನ್ನು ಆರಿಸಿಕೊಂಡರೂ ತಪ್ಪೇನಿಲ್ಲ. ಗ್ರಾಮದ ಮುಖಂಡರು ಮಾತ್ರ ಈ ವಂಚನೆಯನ್ನು ಎಲ್ಲರಿಗೂ ತಿಳಿಸತಕ್ಕದ್ದು. ಆಂಡ್ರಾಯ್ಡಿನಲ್ಲಿಯೂ, ಪ್ಲೇ ಸ್ಟೋರಿನ ಹೊರಗಿನಿಂದ ಬಂದುದನ್ನು ಹಾಕಿಕೊಳ್ಳದಿದ್ದರೆ ಈ ಅಪಾಯವು ಬಹುಮಟ್ಟಿಗೆ ತಪ್ಪುತ್ತದೆ.

ಮಕ್ಕಳ ಫೋನನ್ನು ಪಡೆಯುವುದೇ ನಿಶ್ಚಯವಾದರೆ, ಮಗನು ತನ್ನ ಆಪಲ್ ಖಾತೆಯಿಂದ ಆ ಫೋನನ್ನು ಬಿಡಿಸಿ, ಒಳಗಿರುವುದನ್ನೆಲ್ಲ ಅಳಿಸಿ, ತಂದೆಯ ಹೆಸರಿನಲ್ಲಿಯೇ ಬೇರೆ ಖಾತೆಯನ್ನು ತೆರೆದುಕೊಡಬೇಕು. ಹಾಗೆ ಮಾಡದಿದ್ದರೆ ಮಗನ ಕಚೇರಿಯ ನಂಬರುಗಳು ತಂದೆಯ ಫೋನಿಗೂ ತಂದೆಯ ಫೋಟೋಗಳು ಮಗನ ಫೋನಿಗೂ ಬಂದು ಬೆರೆಯುತ್ತವೆ. ಮಗನು ಗುಪ್ತಪದವನ್ನು ಬದಲಾಯಿಸಿದರೆ ತಂದೆಯು ಅದನ್ನು ಕೇಳಿಕೊಂಡು ಕಾಯಬೇಕಾಗುತ್ತದೆ. ಖಾತೆ ತೆರೆದ ಕಾಗದವನ್ನು ಪಹಣಿ, ಪಾಸ್‌ಬುಕ್ಕುಗಳ ಜೊತೆಯಲ್ಲಿಯೇ ಇಡುವುದು ಒಳ್ಳೆಯದು. ಹಳೆಯ ಆಂಡ್ರಾಯ್ಡ್ ಫೋನನ್ನು ಕೂಡಲೆ ಮಾರಬಾರದು. ಅದರಿಂದ ಬ್ಯಾಂಕಿನ ಆ್ಯಪ್‌ಗಳನ್ನು ತೆಗೆದುಹಾಕಿ, ಹೊಸ ಫೋನಿನ ಹಾಟ್‌ಸ್ಪಾಟಿಗೆ ಅದನ್ನು ಸೇರಿಸಿಕೊಂಡರೆ ಹೊಲದಲ್ಲಿ ಬೆಳೆ ಸಮೀಕ್ಷೆಯನ್ನು ಅದರಲ್ಲಿಯೇ ನಡೆಸಬಹುದು. ಓಟಿಪಿಯು ಹೊಸ ಫೋನಿಗೆ ಬಂದಾಗ ಅದನ್ನು ಓದಿ ಹಳೆಯದರಲ್ಲಿ ತುಂಬಿದರಾಯಿತು. ಒಂದು ಮುಂಗಾರಿನ ಸಮೀಕ್ಷೆಯೂ ಎರಡು ಬೆಳೆ ಗೂಡಿನ ಹಣವೂ ಅಡಚಣೆಯಿಲ್ಲದೆ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡಬಹುದು.