ಕೂದಲಿಗಿಂತ ತೆಳುವಾದ ನ್ಯೂಟ್ರಾನ್ ಕಿರಣ

ಸಂಜೆ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನಿಂತು ನೋಡಿ. ಕಾಲ ಬಳಿಯ ನೀರಿನೊಳಗೆ ಸ್ವಲ್ಪ ಆಳದವರೆಗಾದರೂ ಕಾಣುತ್ತದೆ. ದೂರದ ನೀರಿನಲ್ಲಿ ಕಾಣುವುದು ಎದುರು ದಡದ ಮರಗಳ ಪ್ರತಿಬಿಂಬ ಮಾತ್ರ. ಮೇಲ್ಮೈಯನ್ನು ಸವರುವಂತೆ ಬರುವ ಬೆಳಕು ಹೆಚ್ಚು ಪ್ರತಿಫಲಿಸುವುದೇ ಇದಕ್ಕೆ ಕಾರಣ. ನ್ಯೂಟ್ರಾನ್‌ಗಳೂ ಹೀಗೆ ಪ್ರತಿಫಲಿಸುತ್ತವೆ. ಏಕೆಂದರೆ ಅವುಗಳಿಗೂ ತರಂಗ ಸ್ವಭಾವವಿದೆ.

ನ್ಯೂಟ್ರಾನ್‌ಗೆ ವಿದ್ಯುದಾವೇಶವಿಲ್ಲ, ಆದರೆ ಕಾಂತೀಯ ಗುಣವಿದೆ. ಹೀಗಾಗಿ ಅದು ಲೋಹದ ಆಳಕ್ಕೆ ಹೊಕ್ಕು ಅಲ್ಲಿನ ಕಾಂತೀಯ ರಚನೆಯನ್ನು ತಿಳಿಸಬಲ್ಲದು. ತೊಡಕೂ ಇಲ್ಲಿಯೇ ಇದೆ. ಎಲೆಕ್ಟ್ರಾನ್‌ಗಳಂತೆ ಅದನ್ನು ವಿದ್ಯುತ್ ಕ್ಷೇತ್ರದಿಂದ ಒಂದೆಡೆ ಕೇಂದ್ರೀಕರಿಸಲಾಗದು. ಸೀಳುಗಂಡಿಯನ್ನು ತೀರ ಕಿರಿದು ಮಾಡಿದರೆ ಅದರ ಅಂಚುಗಳಿಂದ ಚದರಿದ ನ್ಯೂಟ್ರಾನ್‌ಗಳು ಫಲಿತಾಂಶವನ್ನು ಕೆಡಿಸುತ್ತವೆ. ಕಿರಣ ಅಗಲವಾಗಿದ್ದರೆ ಸೂಕ್ಷ್ಮ ತಂತಿಯೊಂದರ ಒಳವಿವರ ಸಿಗುವುದಿಲ್ಲ, ಸರಾಸರಿ ಮಾತ್ರ ಸಿಗುತ್ತದೆ.

ಇದಕ್ಕೆ ಪರಿಹಾರ ವೇವ್‌ಗೈಡ್, ಅಂದರೆ ತರಂಗವನ್ನು ನಡೆಸಿಕೊಂಡು ಹೋಗುವ ತೆಳುಪದರ. 4 ಆಂಗ್‌ಸ್ಟ್ರಾಮ್ ತರಂಗದೂರದ ನ್ಯೂಟ್ರಾನ್‌ಗೆ ನಿಕಲ್‌ನ ವಕ್ರೀಭವನ ಸೂಚ್ಯಂಕ 1ಕ್ಕಿಂತ ಲಕ್ಷದಲ್ಲಿ ಎರಡು ಭಾಗದಷ್ಟು ಕಡಿಮೆ. ಆದ್ದರಿಂದ ಸುಮಾರು 0.4 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದ ನ್ಯೂಟ್ರಾನ್ ಪೂರ್ಣ ಪ್ರತಿಫಲನಗೊಳ್ಳುತ್ತದೆ. ಈಗ ಎರಡು ನಿಕಲ್ ಪದರಗಳ ನಡುವೆ 100 ನ್ಯಾನೊಮೀಟರ್ ದಪ್ಪದ ಟೈಟಾನಿಯಮ್ ಪದರವಿದೆಯೆಂದು ಭಾವಿಸಿ. ಮೇಲಿನ ನಿಕಲ್ ಪದರ ಬಹಳ ತೆಳುವಾಗಿದ್ದರೆ ಸ್ವಲ್ಪ ನ್ಯೂಟ್ರಾನ್‌ಗಳು ಸುರಂಗ ಪರಿಣಾಮದಿಂದ ಒಳಗೆ ನುಸುಳುತ್ತವೆ. ಕೆಲವು ನಿರ್ದಿಷ್ಟ ಕೋನಗಳಲ್ಲಿ ಮಾತ್ರ, ವೀಣೆಯ ತಂತಿಯಲ್ಲಿ ಆಗುವಂತೆ, ನಡುಪದರದಲ್ಲಿ ಸ್ಥಾಯೀ ತರಂಗ ಏರ್ಪಟ್ಟು ಅನುನಾದ ಉಂಟಾಗುತ್ತದೆ. ಆಗ ನ್ಯೂಟ್ರಾನ್‌ಗಳು ಪದರದ ಉದ್ದಕ್ಕೂ ಸಾಗಿ ಅದರ ಅಂಚಿನಿಂದ ಹೊರಬರುತ್ತವೆ. ಹೊರಬರುವಾಗ ಕಿರಣದ ದಪ್ಪ ಕೂದಲಿನ ದಪ್ಪದ ನೂರಾರು ಪಾಲಿನಲ್ಲಿ ಒಂದು ಪಾಲಷ್ಟೇ. ತೆಳುಪದರದಲ್ಲಿ ಹೀಗೆ ಸಾಗುವ ನ್ಯೂಟ್ರಾನ್ ತರಂಗಗಳನ್ನು ನೇರವಾಗಿ ಗುರುತಿಸಿದ ಪ್ರಯೋಗವನ್ನು ಸುನಿಲ್ ಸಿನ್ಹಾ ಅವರೂ ಇದ್ದ ಅಮೆರಿಕದ ತಂಡವೊಂದು 1994ರಲ್ಲಿ ಪ್ರಕಟಿಸಿತು.

ಆದರೆ ನಿಸರ್ಗ ಇದಕ್ಕೆ ಸುಂಕ ಕೇಳುತ್ತದೆ. ವಿವರ್ತನೆಯಿಂದ ಕಿರಣ ಹರಡುವ ಕೋನ ಸುಮಾರಾಗಿ ತರಂಗದೂರವನ್ನು ಪದರದ ದಪ್ಪದಿಂದ ಭಾಗಿಸಿದಷ್ಟು. ಲೆಕ್ಕ ಹಾಕಿ: 0.4 ನ್ಯಾನೊಮೀಟರನ್ನು 100ರಿಂದ ಭಾಗಿಸಿದರೆ 0.004 ರೇಡಿಯನ್. ಅಂದರೆ 1 ಮಿಲಿಮೀಟರ್ ದೂರದಲ್ಲಿ ಕಿರಣ 4 ಮೈಕ್ರೊಮೀಟರ್, 1 ಮೀಟರ್ ದೂರದಲ್ಲಿ 4 ಮಿಲಿಮೀಟರ್ ಅಗಲವಾಗಿರುತ್ತದೆ! ಪದರವನ್ನು ಇನ್ನೂ ತೆಳುವಾಗಿಸಿದರೆ ಹರಡುವಿಕೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಪರೀಕ್ಷಿಸಬೇಕಾದ ವಸ್ತುವನ್ನು ಅಂಚಿಗೆ ತೀರ ಹತ್ತಿರ ಇಡಬೇಕು. ಒಳಸೇರುವ ನ್ಯೂಟ್ರಾನ್‌ಗಳು ಕಡಿಮೆಯಾದ್ದರಿಂದ ಎಣಿಕೆಗೆ ತಾಳ್ಮೆಯೂ ಬೇಕು.

ಮೈಸೂರಿನಲ್ಲಿ ನ್ಯೂಟ್ರಾನ್ ಒದಗಿಸುವ ರಿಯಾಕ್ಟರ್ ಇಲ್ಲ. ಟ್ರಾಂಬೆಯಲ್ಲಿ 1985ರಲ್ಲಿ ಕಾರ್ಯಾರಂಭ ಮಾಡಿದ ಧ್ರುವ ರಿಯಾಕ್ಟರಿನಲ್ಲಿ ತೆಳುಪದರಗಳಿಂದ ನ್ಯೂಟ್ರಾನ್ ಪ್ರತಿಫಲನವನ್ನು ಅಳೆಯುವ ಉಪಕರಣವಿದೆ. ವಿಶ್ವವಿದ್ಯಾನಿಲಯಗಳ ಸಂಶೋಧಕರಿಗೂ ಅಲ್ಲಿನ ನ್ಯೂಟ್ರಾನ್ ಸೌಲಭ್ಯಗಳನ್ನು ಬಳಸುವ ಅವಕಾಶವಿದೆ. ಆದರೆ ಇದರ ಹಿಂದಿನ ತತ್ತ್ವವನ್ನು ತರಗತಿಯಲ್ಲೇ ತೋರಿಸಬಹುದು. ಎರಡು ಬ್ಲೇಡುಗಳ ನಡುವಿನ ಸಂದಿನ ಮೂಲಕ ಲೇಸರ್ ಬೆಳಕನ್ನು ಗೋಡೆಯ ಮೇಲೆ ಬೀಳಿಸಿ (ಲೇಸರನ್ನು ಕಣ್ಣಿನತ್ತ ಹಿಡಿಯಬೇಡಿ). ಸಂದನ್ನು ಕಿರಿದಾಗಿಸಿದಂತೆ ಬೆಳಕಿನ ಪಟ್ಟಿ ಅಗಲವಾಗುತ್ತದೆ. ಏಕೆಂದು ವಿದ್ಯಾರ್ಥಿಗಳನ್ನೇ ಕೇಳಿ.