ಹಲ್ಲು ನೋಡಿ ಎತ್ತು, ಚಾಸಿ ನೋಡಿ ಕಾರು

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ರೈತನಿಗೆ ಎತ್ತು ಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೃತಮಹಲ್ ಕಾವಲುಗಳಿದ್ದ ನೆಲವಿದು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು. ಆದರೆ ಮನೆಯ ಹಿತ್ತಿಲಲ್ಲಿ ಧೂಳು ಹೊದ್ದು ನಿಂತ ಮೊದಲ ಕಾಲದ ಮಾರುತಿ ಕಾರಿಗೆ ಬೆಲೆ ಕಟ್ಟಬೇಕಾಗಿ ಬಂದರೆ ಇದೇ ರೈತ ತಡವರಿಸುತ್ತಾನೆ. ಗುಜರಿಯವನು ಅದನ್ನು ತೂಕಕ್ಕೆ ಕೇಳುತ್ತಾನೆ. ದಲ್ಲಾಳಿ ‘ಇದು ಜಪಾನ್ ಮಾಲು’ ಎಂದು ಇನ್ನೊಬ್ಬರಿಗೆ ಲಕ್ಷಗಳ ಲೆಕ್ಕದಲ್ಲಿ ದಾಟಿಸಲು ನೋಡುತ್ತಾನೆ. ಇವೆರಡರ ನಡುವೆ ನ್ಯಾಯವಾದ ಬೆಲೆ ಯಾವುದು?

ಪೆಟ್ಟಿಗೆಯಲ್ಲಿ ಬಂದ ಕಾರು

‘ಜಪಾನ್ ಮಾಲು’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಮಾರುತಿ ಉದ್ಯೋಗ್ ಮತ್ತು ಜಪಾನಿನ ಸುಜುಕಿ ಕಂಪೆನಿಗಳ ನಡುವೆ 1982ರ ಅಕ್ಟೋಬರ್‌ನಲ್ಲಿ ಒಪ್ಪಂದವಾಯಿತು. 1983ರ ಡಿಸೆಂಬರ್ 14ರಂದು ಅಂದಿನ ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿಯನ್ನು ದೆಹಲಿಯ ಹರಪಾಲ್ ಸಿಂಗ್ ಅವರಿಗೆ ಹಸ್ತಾಂತರಿಸಿದರು. ಸುಜುಕಿಯ ಎಸ್‌ಎಸ್ 80 ಮಾದರಿಯೇ ಇಲ್ಲಿ ಮಾರುತಿ 800 ಆಗಿತ್ತು. ಆರಂಭದ ಕಾರುಗಳ ಬಿಡಿಭಾಗಗಳು ಜಪಾನಿನಿಂದ ಬಂದವು. ಗುರಗಾಂವ್‌ನ ಕಾರ್ಖಾನೆಯಲ್ಲಿ ಅವುಗಳನ್ನು ಜೋಡಿಸಲಾಯಿತು. 1986ರಲ್ಲಿ ದೇಹದ ಆಕಾರ ಬದಲಾಯಿತು. 800ರ ತಯಾರಿಕೆ ಕೊನೆಗೊಂಡಿದ್ದು 2014ರಲ್ಲಿ. ಅಷ್ಟರೊಳಗೆ ಲಕ್ಷಾಂತರ ಕಾರುಗಳು ರಸ್ತೆಗಿಳಿದಿದ್ದರೂ ಮೊದಲ ಮಾದರಿಯವು ಇಂದು ಅಪರೂಪ.

ಸಿದ್ಧವಾಗಿಯೇ ಹಡಗಿನಲ್ಲಿ ಬಂದ ಜಪಾನಿ ಹಳೆ ಕಾರುಗಳಂತೂ ಇನ್ನೂ ವಿರಳ. ಅದಕ್ಕೆ ಕಾನೂನೂ ಒಂದು ಕಾರಣ. ಮೂರು ವರ್ಷಕ್ಕಿಂತ ಹಳೆಯದಾದ, ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ಸಾಮಾನ್ಯ ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ನಮ್ಮ ಊರುಗಳಲ್ಲಿ ‘ಜಪಾನಿನ ಹಳೆ ಕಾರು’ ಎಂದರೆ ಹೆಚ್ಚಾಗಿ ಈ ಮೊದಲ ಮಾರುತಿಯೇ.

ಮೊದಲು ಗುರುತು, ಆಮೇಲೆ ಬೆಲೆ

ಎತ್ತಿಗೆ ಹಲ್ಲು ಹೇಗೋ ಕಾರಿಗೆ ಚಾಸಿ ನಂಬರ್ ಹಾಗೆ. ದೇಹದ ಮೇಲೆ ಒತ್ತಿರುವ ಚಾಸಿ ನಂಬರ್, ಎಂಜಿನ್ ಮೇಲಿನ ನಂಬರ್ ಮತ್ತು ಆರ್‌ಸಿ ಪುಸ್ತಕದಲ್ಲಿರುವ ನಂಬರುಗಳು ತಾಳೆಯಾಗಬೇಕು. ಎಂಜಿನ್ ಬದಲಾಗಿದ್ದು ಅದು ಆರ್‌ಸಿಯಲ್ಲಿ ದಾಖಲಾಗಿದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೆ. ಚಾಸಿ ನಂಬರನ್ನು ಉಜ್ಜಿ ತಿದ್ದಿದ ಗುರುತಿದ್ದರೆ ಬೆಲೆಯ ಮಾತನ್ನೇ ಆಡಬಾರದು.

ನೋಂದಣಿ ಸಂಖ್ಯೆಯೂ ಕಥೆ ಹೇಳುತ್ತದೆ. ಚಿತ್ರದುರ್ಗಕ್ಕೆ ‘ಕೆಎ 16’ ಎಂಬ ಗುರುತು ಬಂದದ್ದು 1989ರ ಹೊಸ ಪದ್ಧತಿಯ ನಂತರ. 1984ರ ಕಾರಿನ ಮೇಲೆ ‘ಕೆಎ 16’ ಇದ್ದರೆ ಸಂಖ್ಯೆ ಮಧ್ಯದಲ್ಲಿ ಬದಲಾಗಿದೆ ಎಂದರ್ಥ. ಅದು ತಪ್ಪೇನಲ್ಲ. ಆದರೆ ಯಾವಾಗ, ಏಕೆ ಬದಲಾಯಿತು ಎಂದು ಕೇಳಿ ತಿಳಿಯಬೇಕು. ಹಳೆಯ ದಾಖಲೆ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಆರ್‌ಟಿಓ ಕಚೇರಿಯಲ್ಲೇ ವಿಚಾರಿಸುವುದು ಕ್ಷೇಮ.

ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದಂತೆ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 10,000 ರೂ.; ಆಮದು ಕಾರಿಗಾದರೆ 80,000 ರೂ. ಮಾರುವಾಗ ‘ಫಾರಿನ್ ಕಾರು’ ಎನ್ನುವವರು ಆರ್‌ಸಿ ತೆರೆದು ತೋರಿಸಲಿ. ಗುರಗಾಂವ್‌ನಲ್ಲಿ ಜೋಡಿಸಿದ ಕಾರಿನ ತಯಾರಕರು ದಾಖಲೆಯ ಪ್ರಕಾರ ಮಾರುತಿ ಉದ್ಯೋಗ್. ‘ವಿಂಟೇಜ್’ ಎಂಬ ಮಾತಿಗೂ ಇದೇ ಪರೀಕ್ಷೆ ಸಲ್ಲುತ್ತದೆ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. ಅತ್ಯಂತ ಹಳೆಯ ಮಾರುತಿಗೂ ಆ ಪಟ್ಟ ಸಿಗುವುದು 2033ರ ಕೊನೆಗೆ.

ಬಿಸಿಲು ತಿಂದದ್ದು, ಉಪ್ಪು ತಿಂದದ್ದು

ಈ ವಿಚಾರದಲ್ಲಿ ಚಿತ್ರದುರ್ಗದ ಕಾರಿಗೆ ಒಂದು ಅನುಕೂಲವಿದೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತವೆ. ಹಿರಿಯೂರಿನಂಥ ಒಣ ಸೀಮೆಯಲ್ಲಿ ತುಕ್ಕು ಕಡಿಮೆ. ಆದರೆ ಬಿಸಿಲು ತನ್ನ ಪಾಲನ್ನು ಬಿಡುವುದಿಲ್ಲ: ಬಣ್ಣ ಮಂಕಾಗುತ್ತದೆ, ಡ್ಯಾಶ್‌ಬೋರ್ಡ್ ಬಿರಿಯುತ್ತದೆ, ಬಾಗಿಲಿನ ರಬ್ಬರ್ ಪುಡಿಯಾಗುತ್ತದೆ. ಬಣ್ಣ, ರಬ್ಬರ್ ಹಾಕಿಸಬಹುದು. ತುಕ್ಕು ತಿಂದ ತಳವನ್ನು ಸರಿಪಡಿಸುವುದು ದೊಡ್ಡ ಕೆಲಸ. ಹೀಗಾಗಿ ಹೊಳೆಯುವ ಹೊಸ ಬಣ್ಣಕ್ಕೆ ಮರುಳಾಗದೆ ಕಾಲಡಿಯ ಮ್ಯಾಟ್ ಎತ್ತಿ ನೋಡಬೇಕು. ಬಾಗಿಲಿನ ಕೆಳಅಂಚಿಗೆ ಸಣ್ಣ ಆಯಸ್ಕಾಂತ ಹಿಡಿಯಬೇಕು. ಅದು ಅಂಟದ ಕಡೆ ತಗಡಿಲ್ಲ, ಪಟ್ಟಿ ಮೆತ್ತಲಾಗಿದೆ ಎಂದು ತಿಳಿಯಬೇಕು.

ಇಲ್ಲಿ ಹಲವರು ತಪ್ಪುವ ಇನ್ನೊಂದು ಲೆಕ್ಕವಿದೆ. ಓಡುವ ಕಾರಿಗೆ ಬೆಲೆ ಜಾಸ್ತಿ, ನಿಂತ ಕಾರಿಗೆ ಕಡಿಮೆ ಎನ್ನುವುದು ಸಾಮಾನ್ಯ ನಂಬಿಕೆ. ಅಪರೂಪದ ಕಾರಿನಲ್ಲಿ ಇದು ತಿರುಗುಮುರುಗಾಗಬಹುದು. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ನಂತರದ ಮಾರುತಿಗಳಲ್ಲೂ ಮುಂದುವರಿದ ಕಾರಣ ಅದನ್ನು ಬಿಚ್ಚಿ ಕೂಡಿಸಬಲ್ಲ ಮೆಕ್ಯಾನಿಕ್‌ಗಳು ಇದ್ದಾರೆ. ಆದರೆ 1986ಕ್ಕೆ ಮುಂಚಿನ ದೇಹದ ಗಾಜು, ದೀಪ, ಬಂಪರ್, ಗ್ರಿಲ್ ಮುಂದಿನ ಮಾದರಿಗೆ ಹೊಂದುವುದಿಲ್ಲ. ಒಮ್ಮೆ ಹೋದರೆ ಹುಡುಕಿ ತರುವುದು ಕಷ್ಟ. ಎಂಜಿನ್ ಸತ್ತಿದ್ದರೂ ಮೂಲ ಗಾಜು, ಸೀಟು, ದೀಪಗಳೆಲ್ಲ ಉಳಿದಿರುವ ಕಾರು ಓಡಾಡುವ ಬೋಳು ಕಾರಿಗಿಂತ ಮೇಲು.

ಲೆಕ್ಕ ಹೀಗೆ

ಜಾಹೀರಾತಿನಲ್ಲಿ ಕೇಳಿದ ಬೆಲೆಯನ್ನು ನಂಬಬಾರದು. ಕೈಬದಲಾದ ಬೆಲೆ ಮಾತ್ರ ಬೆಲೆ. ಅಂಥ ಎರಡು ಮೂರು ಮಾರಾಟಗಳನ್ನು ವಿಚಾರಿಸಿ, ಪೂರ್ತಿ ಸರಿಯಿರುವ ಕಾರು ಎಷ್ಟಕ್ಕೆ ಹೋಯಿತೆಂದು ತಿಳಿಯಬೇಕು. ಅದು 3 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ಎದುರಿಗಿರುವ ಕಾರಿನ ತಗಡು, ಬಣ್ಣದ ಕೆಲಸಕ್ಕೆ 80,000, ಎಂಜಿನ್ನಿಗೆ 40,000, ಸೀಟು, ರಬ್ಬರ್, ವೈರಿಂಗ್‌ಗೆ 30,000 ರೂ. ಆಗುವುದಾದರೆ ಒಟ್ಟು ಒಂದೂವರೆ ಲಕ್ಷ ಕಳೆಯಬೇಕು. ಕಾಗದಪತ್ರದ ಖರ್ಚಿಗೆ, ಕಾಣದ ದೋಷಕ್ಕೆ ಇನ್ನೊಂದು 25,000 ಬಿಟ್ಟರೆ ಉಳಿಯುವುದು 1.25 ಲಕ್ಷ. ಈ ಅಂಕಿಗಳು ಉದಾಹರಣೆಗಷ್ಟೆ, ಕ್ರಮ ಮಾತ್ರ ಎಲ್ಲ ಕಾರಿಗೂ ಒಂದೇ. ಕೊಳ್ಳುವವನು ಇದಕ್ಕಿಂತ ಬಹಳ ಹೆಚ್ಚು ಕೊಟ್ಟರೆ ಅದು ಅವನ ಆಸೆಯ ಬೆಲೆ. ಮಾರುವವನು ಬಹಳ ಕಡಿಮೆಗೆ ಬಿಟ್ಟರೆ ಅದು ಅವನ ಅವಸರದ ಬೆಲೆ.

ಈ ಲೆಕ್ಕ ಕೊಳ್ಳುವವನಿಗಿಂತ ಹೆಚ್ಚಾಗಿ ಬೇಕಾಗಿರುವುದು ಮಾರುವವನಿಗೆ. ಆರುನೂರು ಚಿಲ್ಲರೆ ಕಿಲೋ ತೂಗುವ ಈ ಪುಟ್ಟ ಕಾರು ಗುಜರಿಯ ತಕ್ಕಡಿ ಏರಿದರೆ ಅದರ ಗಾಜಿಗೂ ಬೆಲೆಯಿಲ್ಲ, ದೀಪಕ್ಕೂ ಇಲ್ಲ. ಟ್ರಂಕಿನ ತಳದಲ್ಲಿರುವ ಹಳೆಯ ಆರ್‌ಸಿ ಪುಸ್ತಕ, ಮೊದಲ ರಸೀದಿ, ಕೀಲಿಯ ಜೋಡಿ ಇವೆಲ್ಲವೂ ಹಣವೇ. ಕಾರನ್ನು ತೋರಿಸುವ ಮುನ್ನ ಅವುಗಳನ್ನು ಹುಡುಕಿ ಇಟ್ಟುಕೊಳ್ಳಬೇಕು, ನಂಬಿಕೆಯ ಮೆಕ್ಯಾನಿಕ್‌ನಿಂದ ರಿಪೇರಿ ಪಟ್ಟಿ ಬರೆಸಬೇಕು. ಹಲ್ಲು ಎಣಿಸದೆ ಎತ್ತಿನ ಹಗ್ಗವನ್ನು ಇನ್ನೊಬ್ಬನ ಕೈಗೆ ಕೊಡದ ಮನೆಯವರು ಕಾರಿನ ಕೀಲಿಯನ್ನೂ ಹಾಗೆ ಕೊಡಬೇಕಾಗಿಲ್ಲ.